ಹದಿನೇಳನೇ ನಂಬರಿನ ಬಾಗಿಲು

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ 9.40. ಠಾಣೆಗೆ ಬಂದ ಹೆಂಗಸನ್ನು ಸೆಂಟ್ರಿ ಗೇಟಿನಲ್ಲೇ ತಡೆದ. ಅವಳ ಮಾತಿನ ಧಾಟಿ ಕಿವಿಗೆ ಬಿದ್ದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು, ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡ. ಇನ್‌ಸ್ಪೆಕ್ಟರ್ ಕಿಟಕಿಯಿಂದ ಇದನ್ನು ನೋಡಿ, ಅವಳನ್ನು ಒಳಗೆ ಬಿಡುವಂತೆ ಗದರಿದರು.

"ಹೇಳಿ ಅಮ್ಮ."

"ನನ್ನ ಗಂಡ ಮನೆಯೊಳಗಿದ್ದಾರೆ. ಯಾರೋ ಹೊರಗಿಂದ ಬೀಗ ಹಾಕಿದ್ದಾರೆ. ಬೀಗ ನಮ್ಮದಲ್ಲ."

"ಕೂಗಿ ನೋಡಿದ್ರಾ?"

"ಕೂಗಿದೆ. ಬಾಗಿಲ ಸಂದಿಯಿಂದ ವಾಸನೆ ಬಂತು."

ಅವಳು ಜ್ವರದ ಆಸ್ಪತ್ರೆಯಲ್ಲಿ ಆಯಾ. ಹದಿನೈದು ದಿನ ವಾರ್ಡಿನಲ್ಲೇ ಇದ್ದು ಕೆಲಸ ಮಾಡಬೇಕು, ಮನೆಗೆ ಬಿಡುವುದಿಲ್ಲ, ಫೋನನ್ನೂ ಗೇಟಿನಲ್ಲಿ ಇಟ್ಟುಹೋಗಬೇಕು. ಆ ದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದಿದ್ದಳು. ಗಂಡ ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಇಬ್ಬರೂ ಗಡಿಯಾಚೆಯವರು, ಬಂದು ಆರು ವರ್ಷ.

ಊರಿಗೆ ಜ್ವರ ಬಂದು ಎರಡು ತಿಂಗಳಾಗಿತ್ತು. ಮೊದಲ ರೋಗಿ ಗಡಿಯಾಚೆಯಿಂದ ಬಂದವನಂತೆ ಎಂದು ಯಾರೋ ಹೇಳಿದರು. ಆ ರೋಗಿಯನ್ನು ಕಂಡವರು ಯಾರೂ ಇರಲಿಲ್ಲ. ಆದರೂ ವಾರದೊಳಗೆ ಜ್ವರಕ್ಕೆ ಆ ದೇಶದ ಹೆಸರೇ ಅಂಟಿಕೊಂಡಿತು. ಓದಿದವರು, ಓದದವರು ಎಲ್ಲರೂ ಅದನ್ನೇ ಹೇಳಿದರು, ಗುಂಪಿನಲ್ಲಿ ಗೋವಿಂದ.

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ತಮ್ಮ ಜೊತೆ ದಫೇದಾರನನ್ನೂ, ಠಾಣೆಯ ಬರವಣಿಗೆ ನೋಡಿಕೊಳ್ಳುವ ಮಹಿಳಾ ಕಾನ್‌ಸ್ಟೇಬಲ್ಲನ್ನೂ ಕರೆದುಕೊಂಡು ಹೊರಟರು. ಎಲ್ಲರೂ ಆಕೆಯನ್ನು ರೈಟರ್ ಎಂದೇ ಕರೆಯುತ್ತಿದ್ದರು.

ಬೀದಿಯಲ್ಲಿ ಎರಡೂ ಸಾಲು ಸೇರಿ ಇಪ್ಪತ್ತು ಮನೆ. ಹದಿನೇಳನೆಯದು ಒಂದೇ ಕೋಣೆಯದು. ನಲ್ಲಿ, ಕಕ್ಕಸು, ಕರೆಂಟಿನ ಮೀಟರು ಎಲ್ಲ ಹೊರಗಿನ ಅಂಗಳದಲ್ಲಿ. ಮೀಟರಿನ ಫ್ಯೂಸ್ ಯಾರೋ ಕಿತ್ತಿದ್ದರು. ಬಾಗಿಲಿಗೆ ಮೂರನೇ ತಾರೀಖಿನ, ಕೆಂಪು ಅಂಚಿನ ನೋಟಿಸ್ ಅಂಟಿಸಿತ್ತು: ಈ ಮನೆಯಲ್ಲಿ ಜ್ವರದ ರೋಗಿ ಇದ್ದಾರೆ, ಹದಿನೈದು ದಿನ ಯಾರೂ ಒಳಗೆ ಹೋಗಬಾರದು, ಹೊರಗೆ ಬರಬಾರದು. ಅದರ ಕೆಳಗೆ ಹೊಸ ಬೀಗ. ಬೀದಿಗಿದ್ದ ಒಂದೇ ಕಿಟಕಿಗೆ ಹೊರಗಿನಿಂದ ಹಲಗೆ ಹೊಡೆದಿದ್ದರು.

ಪಂಚನಾಮೆಗೆ ಸಾಕ್ಷಿ ಬೇಕಿತ್ತು. ಪರದೆಗಳ ಸಂದಿಯಲ್ಲಿ ಕಣ್ಣುಗಳಿಗೆ ಬರವಿರಲಿಲ್ಲ, ಕೆಳಗಿಳಿದು ಬರುವ ಕಾಲುಗಳು ಮಾತ್ರ ಇರಲಿಲ್ಲ. ಕಡೆಗೆ ಮುನಿಸಿಪಾಲಿಟಿಯ ಹೆಣದ ವ್ಯಾನಿನ ಡ್ರೈವರ್ ಮತ್ತು ದಾರಿಯಲ್ಲಿ ಸಿಕ್ಕ ಮೀಟರ್ ರೀಡರ್ ಪಂಚರಾದರು. 10.50ಕ್ಕೆ ಬೀಗ ಕತ್ತರಿಸಲಾಯಿತು.

ಮೀಟರ್ ರೀಡರ್ ಹೊಸ್ತಿಲು ದಾಟಿದವನೇ ಹೊರಗೋಡಿ ಚರಂಡಿಗೆ ವಾಂತಿ ಮಾಡಿದ. ಇನ್‌ಸ್ಪೆಕ್ಟರ್ ಒಳಗೇ ನಿಂತು ಬರೆಸಿದರು. ಬಕೆಟ್ಟಿನಲ್ಲಿ ದಿನಗಟ್ಟಲೆಯ ಮಲಮೂತ್ರ. ನೊಣ. ಮಗುಚಿದ ನೀರಿನ ಡ್ರಮ್ಮು, ತಳವನ್ನು ಬಟ್ಟೆಯಿಂದ ಒರೆಸಿ ಹಿಂಡಿದ ಗುರುತು. ಮೃತದೇಹ ಬಾಗಿಲಿಗೆ ಒರಗಿದ್ದು ಈಗ ಒಳಕ್ಕೆ ಜರುಗಿತ್ತು. ತುಟಿ ಒಡೆದು ಕಪ್ಪಾಗಿತ್ತು. ಬಲಗೈಯಲ್ಲಿ ಚಮಚ. ಬಾಗಿಲಿನ ಕೀಲುಗಳಿಗೆ ಎಂಟು ಸ್ಕ್ರೂ ಇದ್ದವು. ಚಮಚದ ಹಿಡಿಯಿಂದ ಅವನು ಮೂರನ್ನು ಬಿಚ್ಚಿದ್ದ.

"ರಿಪೇರಿಯವನ ಮನೇಲಿ ಒಂದು ಸ್ಕ್ರೂ ಡ್ರೈವರ್ ಇಲ್ವಾ?" ಎಂದರು ಇನ್‌ಸ್ಪೆಕ್ಟರ್.

ಹೆಂಡತಿ ಬಾಗಿಲ ಹೊರಗೆ ನಿಂತಿದ್ದಳು. "ಚೀಲ ಇರುತ್ತೆ ಸಾರ್. ಯಾವಾಗಲೂ ಕೈಯಲ್ಲೇ ಇರುತ್ತೆ." ಚೀಲ ಅಲ್ಲಿರಲಿಲ್ಲ.

ವ್ಯಾನಿನ ಜೊತೆ ಬಂದಿದ್ದ ಆರೋಗ್ಯಾಧಿಕಾರಿ ಒಳಗೆ ಇಣುಕಲೂ ಇಲ್ಲ. "ನೋಟಿಸ್ ಇದ್ದ ಮನೆಯ ಹೆಣ. ಸುತ್ತೋಲೆ ಪ್ರಕಾರ ಪೋಸ್ಟ್‌ಮಾರ್ಟಂ ಮಾಡೋ ಹಾಗಿಲ್ಲ, ಮನೆಯವರಿಗೆ ಕೊಡೋ ಹಾಗೂ ಇಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಸುಣ್ಣದ ಗುಂಡಿಗೆ."

"ಅವರಿಗೆ ಜ್ವರ ಇರಲಿಲ್ಲ," ಎಂದಳು ಹೆಂಡತಿ. "ಹೋದ ತಿಂಗಳು ಮೂವತ್ತಕ್ಕೆ ನಾನು ಹೊರಟಾಗ ಆಸ್ಪತ್ರೇಲಿ ಇಬ್ಬರಿಗೂ ಟೆಸ್ಟ್ ಮಾಡಿದಾರೆ. ಇಲ್ಲ ಅಂತ ಬಂತು."

"ಆಮೇಲೆ ಬಂದಿರಬಹುದಲ್ಲಮ್ಮ. ನೋಟಿಸ್ ಸುಮ್ಮನೆ ಅಂಟಿಸ್ತಾರಾ?"

"ಮುಖ ನೋಡೋಕೆ ಬಿಡ್ತಾರಾ?"

"ಹೆಣದ ಚೀಲದ ಜಿಪ್ ಎಳೆದ ಮೇಲೆ ತೆಗೆಯೋ ಹಾಗಿಲ್ಲ."

ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಗುಂಡಿಗೆ ಹಾಕಬೇಡಿ ಸಾರ್. ಜ್ವರದಿಂದ ಸತ್ತ ಅಂತ ಬರೀಬೇಡಿ. ಅಷ್ಟು ಸಾಕು ನಂಗೆ." ಮಾರನೆ ದಿನ ಬೆಳಿಗ್ಗೆ ಏಳಕ್ಕೆ ಇನ್ನು ಇಪ್ಪತ್ತು ಗಂಟೆ ಇತ್ತು.

ರೈಟರ್ ಪಂಚನಾಮೆಯ ಪಟ್ಟಿಯನ್ನು ಎರಡು ಸಲ ಓದಿ ತಲೆ ಎತ್ತಿದಳು. "ಸಾರ್, ನಮ್ಮ ಅತ್ತೆ ಮನೆಗೂ ನೋಟಿಸ್ ಬಿದ್ದಿತ್ತು. ನೋಟಿಸ್ ಇದ್ದ ಮನೆಗೆ ದಿನಾ ಊಟದ ಪೊಟ್ಟಣ, ಎರಡು ಬಾಟ್ಲಿ ನೀರು ಬಂದೇ ಬರುತ್ತೆ. ಹನ್ನೊಂದು ದಿನಕ್ಕೆ ಇಪ್ಪತ್ತೆರಡು ಬಾಟ್ಲಿ ಆಯ್ತು. ಈ ಕೋಣೇಲಿ ಒಂದೂ ಇಲ್ಲ."

ಇನ್‌ಸ್ಪೆಕ್ಟರ್ ನೋಟಿಸಿನ ಮೂಲೆಯಲ್ಲಿ ಅಚ್ಚಾಗಿದ್ದ ಕ್ರಮಸಂಖ್ಯೆಯನ್ನು ಬರೆದುಕೊಂಡರು. 212. ಕಾಗದದ ಕೆಳಗಿನ ಎಡಮೂಲೆ ಹರಿದುಹೋಗಿತ್ತು.

11.30ರಿಂದ ವಿಚಾರಣೆ. ಎದುರುಮನೆಯ ನಿವೃತ್ತ ಗುಮಾಸ್ತ ತಾನಾಗಿಯೇ ಒಂದು ಕಾಗದ ತಂದುಕೊಟ್ಟ. ಮೂರನೇ ತಾರೀಖು ಸಂಜೆ ಬೀದಿಯವರೆಲ್ಲ ಸೇರಿ ಬರೆದ ಠರಾವು. ಹದಿನೇಳನೇ ನಂಬರಿನವನು ಹೊರಗೆ ಓಡಾಡದಂತೆ ಸಾರ್ವಜನಿಕ ಹಿತದೃಷ್ಟಿಯಿಂದ ಬಾಗಿಲಿಗೆ ಬೀಗ, ಕಿಟಕಿಗೆ ಹಲಗೆ ಹಾಕತಕ್ಕದ್ದು ಎಂದು ದುಂಡಾದ ಅಕ್ಷರದಲ್ಲಿತ್ತು. ಕೆಳಗೆ ಹತ್ತು ಸಹಿ.

"ಎಲ್ಲ ಕ್ರಮವಾಗೇ ಮಾಡಿದೀವಿ ಸಾರ್," ಎಂದ. ಮೆಚ್ಚುಗೆಗೆ ಕಾದವನಂತಿತ್ತು ಅವನ ಮುಖ.

"ಕೂಗ್ತಿರಲಿಲ್ವಾ ಅವನು?"

"ಕೂಗ್ತಿದ್ದ. ಒಂಬತ್ತು, ಹತ್ತು, ಹನ್ನೊಂದನೇ ತಾರೀಖು, ಮೂರು ದಿನ. ನೀರು ನೀರು ಅಂತ. ಜ್ವರದವರಿಗೆ ಬಾಯಾರಿಕೆ ಜಾಸ್ತಿ ಅಲ್ವಾ ಸಾರ್. ಮೈಕಿನ ಗಾಡೀಲಿ ಅದನ್ನೂ ಹೇಳ್ತಿದ್ರು."

"ನೀವು ಏನು ಮಾಡಿದ್ರಿ?"

"ಸರ್ಕಾರದವರು ನೋಡ್ಕೋತಾರಲ್ಲ ಅಂತ... ನಮ್ಮನೇಲಿ ಟಿವಿ ಸ್ವಲ್ಪ ಜೋರಾಗಿ ಇಟ್ಕೊಂಡ್ವಿ."

"ಫ್ಯೂಸ್ ಯಾರು ಕಿತ್ತಿದ್ದು?"

"ಏಳನೇ ತಾರೀಖು ನಾವೇ ಕಿತ್ತಿದ್ದು. ರಾತ್ರಿಯೆಲ್ಲ ದೀಪ ಹಾಕಿ ಬಾಗಿಲು ಬಡೀತಿದ್ದ. ಎಲ್ಲರೂ ಸೇರಿ ತೀರ್ಮಾನ ಮಾಡಿದ್ದು ಸಾರ್, ನಾನೊಬ್ಬನೇ ಅಲ್ಲ."

ಎಲ್ಲರೂ ಸೇರಿ. ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಅದೇ ಮಾತು. ಮೊನ್ನೆಯ ತನಕ ಅವನನ್ನು ಅಣ್ಣಾ ಎಂದು ಕರೆದು, ಕೆಟ್ಟ ಮೆಷಿನ್ನನ್ನು ಪುಕ್ಕಟೆ ನೋಡಿಸಿಕೊಂಡವರೇ ಅವರೆಲ್ಲ. ಇನ್‌ಸ್ಪೆಕ್ಟರಿಗೆ ಆ ದುಂಡಕ್ಷರದ ಕಾಗದ ಮುಟ್ಟಲೂ ಹೇಸಿಗೆಯಾಯಿತು. ಎರಡು ಬೆರಳಿನಲ್ಲಿ ಹಿಡಿದು ರೈಟರ್ ಕೈಗೆ ಕೊಟ್ಟರು.

ಕೀಲಿ ಇದ್ದದ್ದು ಎಂಟನೇ ನಂಬರಿನ ಕಟಿಂಗ್ ಮಾಸ್ಟರ್ ಹತ್ತಿರ. ಮುಂದಿನ ಹಾಲಿನಲ್ಲೇ ಅವನ ಹೊಲಿಗೆ ಘಟಕ, ಆರು ಮೆಷಿನ್ನು, ಆರು ಜನ ಹೆಂಗಸರು. ಆಸ್ಪತ್ರೆ, ಶಾಲೆ, ಕಚೇರಿಗಳಿಗೆಲ್ಲ ಮಾಸ್ಕ್ ಹೋಗುತ್ತಿದ್ದುದು ಅಲ್ಲಿಂದಲೇ. ಅವನು ಕರೆಯುವ ಮೊದಲೇ ಬಂದ. ನಯವಾದ ಮನುಷ್ಯ, ಕೊರಳಲ್ಲಿ ಅಳತೆ ಟೇಪು.

"ಕೀಲಿ ನಿಮ್ಮ ಹತ್ರ ಯಾಕೆ?"

"ನಮ್ಮನೆಗೆ ಕೆಲಸಕ್ಕೆ ಬರ್ತಿದ್ದ ಸಾರ್. ಪರಿಚಯದವರು ಅಂತ ನಂಗೇ ಕೊಟ್ರು. ಪಾಪ, ಒಳ್ಳೆ ಕೆಲಸಗಾರ. ಏನ್ಮಾಡೋದು, ಅವರ ದೇಶದ ಕಾಯಿಲೆ." ಹೊರಡುವಾಗ ಮಾಸ್ಕಿನ ಒಂದು ಡಬ್ಬ ತಂದು ಜೀಪಿನ ಸೀಟಿನ ಮೇಲಿಟ್ಟ. "ಸ್ಟಾಫಿಗೆ ಇರಲಿ ಸಾರ್. ನೀವು ಹುಷಾರಾಗಿರಿ." ಕೋಣೆಯ ನಾತ ಇನ್ನೂ ಮೂಗಲ್ಲಿತ್ತು. ಮೂವರೂ ಹಳೆಯ ಮಾಸ್ಕ್ ಕಿತ್ತೆಸೆದು ಹೊಸದನ್ನು ಕಟ್ಟಿಕೊಂಡರು.

ಮಧ್ಯಾಹ್ನ 1.20. ಮೃತನ ಫೋನನ್ನು ಠಾಣೆಯಲ್ಲಿ ಚಾರ್ಜಿಗೆ ಹಾಕಿ, ಹೆಂಡತಿಯಿಂದ ಗುಟ್ಟಿನ ನಂಬರ್ ಹಾಕಿಸಿ ತೆರೆಯಲಾಯಿತು. ಮೂರರಿಂದ ಏಳನೇ ತಾರೀಖಿನೊಳಗೆ ಜ್ವರದ ಸಹಾಯವಾಣಿಗೆ ಏಳು ಕರೆ. ಹೆಂಡತಿಗೆ ನಾಲ್ಕು, ನಾಲ್ಕಕ್ಕೂ ಉತ್ತರವಿಲ್ಲ. "ಮಾಸ್ಟರ್ ಅಣ್ಣ" ಎಂಬ ಹೆಸರಿಗೆ ಒಂಬತ್ತು. ಇನ್ನೊಂದು, ಆರನೇ ತಾರೀಖು ಮಧ್ಯಾಹ್ನ 2.15ಕ್ಕೆ, ಇದೇ ಠಾಣೆಗೆ.

ಇನ್‌ಸ್ಪೆಕ್ಟರ್ ಠಾಣಾ ದಿನಚರಿ ತರಿಸಿದರು. ನಮೂದು ಇತ್ತು: ಮನೆಯಲ್ಲಿ ಕೂಡಿಹಾಕಿದ್ದಾರೆಂದು ಕರೆ, ನೋಟಿಸ್ ಇರುವ ಮನೆಯಾದ್ದರಿಂದ ಒಳಗೇ ಇರಲು ಸೂಚಿಸಲಾಯಿತು. ಅಕ್ಷರ ದಫೇದಾರನದು.

"ಹೋಗಿ ನೋಡಿದ್ರಾ?"

ದಫೇದಾರ ನೆಲ ನೋಡಿದ. "ಭಾಷೆ ಕೇಳಿದ ಕೂಡಲೇ ಗೊತ್ತಾಯ್ತು ಸಾರ್, ಆ ಕಡೆಯವನು ಅಂತ. ನೋಟಿಸ್ ಬೇರೆ ಇದೆ ಅಂತ ಅವನೇ ಹೇಳಿದ. ತಪ್ಪಿಸ್ಕೊಂಡು ಓಡೋಕೆ ನೋಡ್ತಿದಾನೆ ಅಂದ್ಕೊಂಡೆ."

"ಅಂದ್ಕೊಂಡ್ರಿ."

"ಹೌದು ಸಾರ್."

"ನಿಮ್ಮ ಹೇಳಿಕೆನೂ ಬರೆಸಿ. ಇದೇ ಕೇಸಲ್ಲಿ ನೀವೂ ಸಾಕ್ಷಿ. ಇಲಾಖೆ ಏನು ಮಾಡುತ್ತೋ ಅದು ಬೇರೆ."

ದಫೇದಾರ ಇಪ್ಪತ್ತೆರಡು ವರ್ಷ ಸರ್ವಿಸಿನವನು. ಸೂಕ್ಷ್ಮ ಕೇಸುಗಳಲ್ಲಿ ಇನ್‌ಸ್ಪೆಕ್ಟರ್ ನಂಬುತ್ತಿದ್ದುದು ಅವನನ್ನೇ. ಆ ಮಧ್ಯಾಹ್ನ ಅವನ ಮುಖ ನೋಡುವುದು ಅವರಿಗೆ ಕಷ್ಟವಾಯಿತು. ಕಳ್ಳರ ಮೇಲೆ, ಕೊಲೆಗಾರರ ಮೇಲೆ ಬರದ ಅಸಹ್ಯ ತಮ್ಮದೇ ಠಾಣೆಯ ಗೋಡೆಗಳ ಮೇಲೆ ಬಂದಿತ್ತು.

ಮಧ್ಯಾಹ್ನ 3.00. ಮುನಿಸಿಪಾಲಿಟಿಯ ವಾರ್ಡ್ ಕಚೇರಿ. ನೋಟಿಸ್ ರಿಜಿಸ್ಟರಿನ ಪುಟ ತಿರುವುತ್ತಿದ್ದ ರೈಟರ್ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಕ್ರಮಸಂಖ್ಯೆ 212. ಮೂರನೇ ತಾರೀಖು. ರೋಗಿ: ವೃದ್ಧೆ, ಎಪ್ಪತ್ತೊಂದು ವರ್ಷ. ಮನೆ ನಂಬರ್ ಎಂಟು.

"ಹದಿನೇಳು?"

"ಇಡೀ ರಿಜಿಸ್ಟರಲ್ಲೇ ಇಲ್ಲ ಸಾರ್. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ."

ಆ ಬೀದಿಯ ಆರೋಗ್ಯ ಸಹಾಯಕಿಯನ್ನು 4.00ಕ್ಕೆ ಅಲ್ಲೇ ಕರೆಸಲಾಯಿತು. ದಣಿದ ಹೆಂಗಸು, ಉಗುರಿನ ಸಂದಿಯಲ್ಲಿ ಒಣಗಿದ ಮೈದಾ ಅಂಟು.

"212 ಎಲ್ಲಿ ಅಂಟಿಸಿದ್ದು?"

"ಎಂಟನೇ ನಂಬರಿಗೆ. ಬೆಳಿಗ್ಗೆ ಆರಕ್ಕೆ. ಹೊತ್ತು ಏರಿದ ಮೇಲೆ ಹೋದ್ರೆ ಜನ ಜಗಳಕ್ಕೆ ಬರ್ತಾರೆ, ಎಲ್ಲರೂ ಏಳೋ ಮೊದಲೇ ಅಂಟಿಸಿ ಬಂದುಬಿಡ್ತೀವಿ."

"ಆಮೇಲೆ ಬಾಗಿಲು ನೋಡಿದ್ರಾ?"

"ಬೀದಿಯೊಳಗೆ ಹೋಗಿಲ್ಲ ಸಾರ್. ಪೊಟ್ಟಣ, ನೀರು ಬೀದಿ ಬಾಯಲ್ಲೇ ಕೊಡ್ತಿದ್ದೆ. ಮಾಸ್ಟರೇ ಬಂದು ಸಹಿ ಹಾಕಿ ತಗೋತಿದ್ರು. ನಿಮಗ್ಯಾಕಮ್ಮ ಒಳಗೆ ಬರೋ ತೊಂದರೆ ಅಂತ ಅವರೇ ಹೇಳಿದ್ರು. ನಂಗೂ ಮಕ್ಕಳಿದಾರೆ ಸಾರ್."

ಸಹಿಗಳು ಹನ್ನೆರಡು ಇದ್ದವು, ಆ ದಿನದ್ದೂ ಸೇರಿ. ಪೊಟ್ಟಣ ಒಂದು ಮನೆಗೆ ಹೋಗುತ್ತಿತ್ತು, ನೋಟಿಸ್ ಇನ್ನೊಂದು ಮನೆಯ ಬಾಗಿಲಲ್ಲಿತ್ತು. ಹನ್ನೆರಡು ದಿನದಲ್ಲಿ ಯಾರೊಬ್ಬರೂ ಎರಡನ್ನೂ ತಾಳೆ ನೋಡಿರಲಿಲ್ಲ. ನೋಟಿಸ್ ಇದ್ದದ್ದು ಬೇರೆ ಯಾರ ಬಾಗಿಲಲ್ಲಾಗಿದ್ದರೂ ಮೊದಲ ದಿನವೇ ಯಾರಾದರೂ ಹೇಗೆ ಬಂತು ಎಂದು ಕೇಳುತ್ತಿದ್ದರು. ಪರದೇಶದವನ ಬಾಗಿಲಲ್ಲಿ ಅದು ಹುಟ್ಟಿನಿಂದಲೇ ಇತ್ತೇನೋ ಎಂಬಂತೆ ಎಲ್ಲರಿಗೂ ಸರಿಯಾಗಿಯೇ ಕಂಡಿತ್ತು.

ಸಂಜೆ 5.10. ಎಂಟನೇ ನಂಬರು. ಹಾಲಿನಲ್ಲಿ ಮೆಷಿನ್ನುಗಳು ಓಡುತ್ತಿದ್ದವು. ಬಾಗಿಲಿಗೆ ಎದೆಮಟ್ಟದಲ್ಲಿ ಒಂದು ಬೋರ್ಡು: ಅಗತ್ಯ ಸೇವೆ, ಇಲ್ಲಿ ಮಾಸ್ಕ್ ತಯಾರಿಸಲಾಗುತ್ತದೆ. ಇನ್‌ಸ್ಪೆಕ್ಟರ್ ಮೀಟರ್ ರೀಡರನನ್ನು ಮತ್ತೆ ಪಂಚನಾಗಿ ಕರೆಸಿದ್ದರು. ಬೋರ್ಡಿನ ಮೊಳೆ ಕಿತ್ತು ಇಳಿಸಿದಾಗ ಬಾಗಿಲಿನ ಹಲಗೆಯ ಮೇಲೆ ಒಣಗಿದ ಅಂಟಿನ ಚೌಕ ಕಂಡಿತು, ಅದರ ಕೆಳಗಿನ ಎಡಮೂಲೆಯಲ್ಲಿ ಹೆಬ್ಬೆರಳಿನಗಲದ ಕಾಗದ, ಕೆಂಪು ಅಂಚಿನದು. ಹದಿನೇಳನೇ ನಂಬರಿನಿಂದ ಬಿಡಿಸಿ ತಂದಿದ್ದ ನೋಟಿಸನ್ನು ಪಕ್ಕಕ್ಕೆ ಹಿಡಿದರು. ಹರಿದ ಅಂಚಿಗೆ ಅಂಚು ಕೂಡಿತು.

ಮಾಸ್ಟರ್ ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದ.

"ನಿಮ್ಮ ತಾಯಿ ಎಲ್ಲಿ?"

"ಒಳಗೆ ಮಲಗಿದಾರೆ ಸಾರ್. ಈಗ ಹುಷಾರು. ಜ್ವರ ಬಿಟ್ಟಿದೆ."

ಒಳಕೋಣೆಯಲ್ಲಿ ಮುದುಕಿಯ ಮಂಚ. ಮಂಚದ ಸುತ್ತ, ಗೋಡೆಯುದ್ದಕ್ಕೂ, ಸೊಂಟದೆತ್ತರಕ್ಕೆ ಹೊಲಿದ ಮಾಸ್ಕಿನ ಡಬ್ಬಗಳು. ಮುದುಕಿ ಕೆಮ್ಮಿದಳು, ತಲೆದಿಂಬಿನ ಹತ್ತಿರದ ರಾಶಿಯಿಂದ ಒಂದು ಮಾಸ್ಕ್ ಎಳೆದು ಬಾಯಿ ಒರೆಸಿಕೊಂಡು, ಮಡಚಿ ಮತ್ತೆ ಅಲ್ಲೇ ಇಟ್ಟಳು. ರೈಟರ್ ತನ್ನ ಮುಖದ ಮಾಸ್ಕನ್ನು ಕಿತ್ತು ಎಸೆದು, ಅಂಗಳದ ನಲ್ಲಿಗೆ ಓಡಿ ಬಾಯಿ ಮುಕ್ಕಳಿಸಿದಳು. ಇನ್‌ಸ್ಪೆಕ್ಟರ್ ತಮ್ಮದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

ಮೂಲೆಯ ಮೆಷಿನ್ ಕೆಳಗೆ ಒಂದು ಕ್ಯಾನ್ವಾಸ್ ಚೀಲವಿತ್ತು. ಒಳಗೆ ಎಣ್ಣೆ ಡಬ್ಬಿ, ಇಕ್ಕಳ, ಅಳತೆಗೊಂದರಂತೆ ಏಳು ಸ್ಕ್ರೂ ಡ್ರೈವರ್.

"ಎರಡನೇ ತಾರೀಖು ಬಿಟ್ಟುಹೋಗಿದ್ದ," ಎಂದ ಮಾಸ್ಟರ್. "ಕೆಲಸ ಮುಗಿದಿರಲಿಲ್ಲ. ನಾಳೆ ಬರ್ತೀನಿ ಅಂದಿದ್ದ."

5.50ಕ್ಕೆ ಬಂಧನ. ಜೀಪು ಹೊರಡುವಾಗ ಬೀದಿಯವರು ಈಗ ಧೈರ್ಯವಾಗಿ ಹೊರಗೆ ಬಂದು ನಿಂತಿದ್ದರು. ನಿವೃತ್ತ ಗುಮಾಸ್ತ ಎಲ್ಲರಿಗಿಂತ ಮುಂದೆ. "ಛೇ, ಇಂಥವರೂ ಇರ್ತಾರೆ ನೋಡಿ. ಇಷ್ಟು ದಿನ ಪಕ್ಕದಲ್ಲೇ ಇದ್ರೂ ಗೊತ್ತಾಗಲಿಲ್ಲ."

ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದರು. "ಆ ಠರಾವಿನ ಹತ್ತು ಸಹಿಯವರೂ ನಾಳೆ ಹತ್ತು ಗಂಟೆಗೆ ಠಾಣೇಲಿರಬೇಕು. ಅಕ್ರಮವಾಗಿ ಕೂಡಿಹಾಕಿದ್ದಕ್ಕೆ ನೀವೂ ಆರೋಪಿಗಳೇ. ಮೊದಲನೇ ಸಹಿ ನಿಮ್ಮದು."

ಗುಮಾಸ್ತ ಹಿಂದೆ ಸರಿದು ಗುಂಪಿನೊಳಗೆ ಸೇರಿಕೊಂಡ. ಅವನ ಹೆಂಡತಿ, ನಮ್ಮವರು ಬರೀ ಬರೆದುಕೊಟ್ಟಿದ್ದು ಅಷ್ಟೇ ಸಾರ್ ಎಂದು ಹೇಳುತ್ತಲೇ ಇದ್ದಳು.

6.30ಕ್ಕೆ ರಿಜಿಸ್ಟರಿನ ನಕಲು, ಮಹಜರು, ನೋಟಿಸಿನ ಫೋಟೋ ಲಗತ್ತಿಸಿದ ಪತ್ರ ಸರ್ಕಾರಿ ವೈದ್ಯರಿಗೆ ಹೋಯಿತು. ಇದು ನೋಟಿಸ್ ಮನೆಯ ಹೆಣವಲ್ಲ, ಕಾರಣ ಸುತ್ತೋಲೆ ಇದಕ್ಕೆ ಅನ್ವಯಿಸುವುದಿಲ್ಲ. ವೈದ್ಯರು ಎರಡು ಸಲ ಓದಿ ಒಪ್ಪಿದರು. ಬುಧವಾರ ಬೆಳಿಗ್ಗೆ 6.15ಕ್ಕೆ ಪೋಸ್ಟ್‌ಮಾರ್ಟಂ ಶುರುವಾಯಿತು. ಏಳಕ್ಕೆ ಗುಂಡಿಗೆ ಹೊರಟ ವ್ಯಾನಿನಲ್ಲಿ ಅವನಿರಲಿಲ್ಲ. ವರದಿ 9.20ಕ್ಕೆ ಬಂತು: ಜ್ವರದ ಸೋಂಕು ಇಲ್ಲ. ನೀರಿಲ್ಲದೆ ಸಾವು. ಸತ್ತು ಸುಮಾರು ಎರಡು ದಿನ.

ಶವಾಗಾರದಲ್ಲಿ ಹೆಂಡತಿ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಹೊರಗೆ ಬಂದು ವರದಿಯ ನಕಲು ಕೇಳಿದಳು. ಒಂದಲ್ಲ, ಮೂರು ಬೇಕೆಂದಳು.

"ಮೂರು ಯಾಕಮ್ಮ?"

"ಗಡೀಲಿ ಒಂದು ಕೇಳ್ತಾರೆ. ನಮ್ಮೂರಲ್ಲಿ ಒಂದು. ಅವರ ತಾಯಿಗೆ ಒಂದು. ಇದಿಲ್ದೆ ಇವರನ್ನ ಊರೊಳಗೆ ಬಿಡಲ್ಲ ಸಾರ್, ನನ್ನೂ ಬಿಡಲ್ಲ." ನಕಲಿಗೆ ಕೈ ಚಾಚಿದಳು. "ಅಲ್ಲಿ ಈ ಜ್ವರಕ್ಕೆ ನಿಮ್ಮ ದೇಶದ ಹೆಸರಿಟ್ಟಿದಾರೆ."

ಇನ್‌ಸ್ಪೆಕ್ಟರ್ ಮೂರೂ ನಕಲಿಗೆ ತಾವೇ ಮೊಹರು ಒತ್ತಿಕೊಟ್ಟರು.

ಮಧ್ಯಾಹ್ನ 12.10. ಆರೋಪಿಯ ಹೇಳಿಕೆ. ಮಾಸ್ಟರ್ ಏನನ್ನೂ ಮುಚ್ಚಿಡಲಿಲ್ಲ. ಮೂರನೇ ತಾರೀಖು ಬೆಳಿಗ್ಗೆ ಬಾಗಿಲು ತೆಗೆದವನಿಗೆ ನೋಟಿಸ್ ಕಂಡಿತು. ಅಂಟು ಇನ್ನೂ ಹಸಿಯಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೋಟಿಸ್ ಬಿದ್ದರೆ ಘಟಕಕ್ಕೆ ಸೀಲು. ಜ್ವರದ ಮನೆಯ ಮಾಸ್ಕ್ ಎಂದು ಒಮ್ಮೆ ಹೆಸರು ಬಿದ್ದರೆ ಆಮೇಲೆ ಯಾರು ಮುಟ್ಟುತ್ತಾರೆ?

"ಇಪ್ಪತ್ತು ಮನೆ ಇದೆ. ಅವನ ಮನೆಗೇ ಯಾಕೆ?"

"ಬೇರೆ ಯಾರ ಮನೆಗೆ ಅಂಟಿಸಿದ್ರೂ ಬಾಯಿ ಮಾಡ್ತಿದ್ರು ಸಾರ್. ಅವನದಾದ್ರೆ ಯಾರೂ ಕೇಳಲ್ಲ. ಹದಿನೈದು ದಿನ ತಾನೆ, ಆಮೇಲೆ ಏನಾದ್ರೂ ಮಾಡಿ ಸರಿ ಮಾಡೋಣ ಅಂದ್ಕೊಂಡಿದ್ದೆ. ಬೀಗದ ಮಾತು ತೆಗೆದಿದ್ದು ನಾನಲ್ಲ. ಅವರೇ ತೆಗೆದರು. ಬೇಡ ಅಂದ್ರೆ ಅನುಮಾನ ಬರುತ್ತಲ್ಲ."

"ಅವನಿಗೆ ಜ್ವರ ಇಲ್ಲ ಅಂತ ಆ ಬೀದೀಲಿ ಖಂಡಿತವಾಗಿ ಗೊತ್ತಿದ್ದೋನು ನೀನೊಬ್ಬ. ಒಂಬತ್ತು ಸಲ ಫೋನ್ ಮಾಡಿದ. ಮೂರು ದಿನ ಕೂಗಿದ. ಕೀಲಿ ನಿನ್ನ ಜೇಬಲ್ಲಿತ್ತು."

"ಹೋಗಿದ್ದೆ ಸಾರ್. ಹತ್ತನೇ ತಾರೀಖು ಮಧ್ಯಾಹ್ನ, ಕೀಲಿ ತಗೊಂಡು ಬಾಗಿಲ ತನಕ ಹೋಗಿದ್ದೆ. ಅಣ್ಣಾ ಅಂತ ಒಳಗಿಂದ ಕರೆದ. ನನ್ನ ಹೆಜ್ಜೆ ಸಪ್ಪಳದ ಗುರುತು ಸಿಕ್ತೇನೋ ಅವನಿಗೆ."

"ಮತ್ತೆ?"

"ಭಯ ಆಯ್ತು."

"ಸಿಕ್ಕಿಬೀಳ್ತೀನಿ ಅಂತ."

ಮಾಸ್ಟರ್ ಅಡ್ಡಡ್ಡ ತಲೆ ಆಡಿಸಿದ. "ಅಲ್ಲ ಸಾರ್. ಬಾಗಿಲು ತೆಗೆದ್ರೆ ಅವನಿಂದ ನಂಗೆ ಜ್ವರ ಅಂಟುತ್ತೆ ಅಂತ."

ರೈಟರ್ ಪೆನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದಳು. "ಸಾರ್, ಇದನ್ನ ಹೀಗೇ ಬರೀಲಾ?"

"ಹೇಳಿದ ಹಾಗೇ ಬರಿ," ಎಂದು ಇನ್‌ಸ್ಪೆಕ್ಟರ್ ಎದ್ದು ಹೊರಗೆ ಹೋದರು.